ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫಿಜಿ: ಹಾಸನದ ನಮ್ಮ ಕಾಲೇಜು ರಗ್ಬಿ ತಂಡಕ್ಕೆ ಯಾರ ಅಟ್ಯಾಕ್ ಕಲಿಸಲಿ?

ರಾಷ್ಟ್ರೀಯ ತಂಡಗಳು ಅಟ್ಯಾಕ್ ಹೇಗೆ ಕಟ್ಟುತ್ತವೆ, ಈ ಮೂರರಲ್ಲಿ ಯಾರದ್ದನ್ನು ನಿಮ್ಮ ಹುಡುಗರಿಗೆ ಕಲಿಸಬೇಕು, ವಿಡಿಯೋಗೆ ಡ್ರೋನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಮೂರರಲ್ಲಿ ಯಾರದ್ದೂ ಬೇಡ. ಆದರೆ ಇಷ್ಟೇ ಹೇಳಿ ಬಿಟ್ಟರೆ ನಾಳೆ ಬೆಳಗ್ಗೆ ನೀವು ಸುಣ್ಣದ ಪುಡಿ ಹಿಡಿದುಕೊಂಡು ಗ್ರೌಂಡಿಗೆ ಹೋಗಿ ಯಾರು ಎಲ್ಲಿ ನಿಲ್ಲಬೇಕು ಅಂತ 1-3-3-1 ಜೋಡಣೆಯ ಗುರುತು ಹಾಕ್ತೀರಿ. ನಿಮ್ಮವರು ಕಬಡ್ಡಿ ಹುಡುಗರು, ಇದುವರೆಗೆ ಆಡಿದ್ದು ಬರೀ ಸೆವೆನ್ಸ್ (ಏಳು ಜನರ ರಗ್ಬಿ), ಈಗ ಮೊದಲ ಸಲ ಹದಿನೈದು ಜನರ ಟೂರ್ನಮೆಂಟ್, ಕೈಯಲ್ಲಿ ಯೂಟ್ಯೂಬ್ ವಿಡಿಯೋ. ಇದನ್ನೆಲ್ಲ ನಾನು ಚಿಕ್ಕಮಗಳೂರಿನಲ್ಲಿ ಮಾಡಿ ಮುಗಿಸಿದ್ದೇನೆ.

ಬೆಂಗಳೂರಿನಲ್ಲಿ ಓದುವಾಗ ಒಂದು ಕ್ಲಬ್‌ಗೆ ಸ್ಕ್ರಮ್ ಹಾಫ್ (ಚೆಂಡು ಎತ್ತಿ ಪಾಸ್ ಕೊಡೋ ಒಂಬತ್ತನೇ ನಂಬರ್) ಆಡ್ತಿದ್ದೆ. ಆಮೇಲೆ ಊರಿಗೆ ಬಂದು ಕಾಫಿ ಕ್ಯೂರಿಂಗ್ ಒಂದರಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದೆ. ಸಂಜೆ ಹೊತ್ತು ಕಾಲೇಜು ಹುಡುಗರನ್ನು ಸೇರಿಸಿ ರಗ್ಬಿ ಆಡಿಸೋದು. ಕಡೂರು, ತರೀಕೆರೆ ಕಡೆಯಿಂದ ಬಂದ ಕಬಡ್ಡಿ ಹುಡುಗರೇ ಜಾಸ್ತಿ. ಮೂಡಿಗೆರೆ ಕಡೆಯ ಒಂದಿಬ್ಬರು ಓಟದವರು. ಟ್ಯಾಕಲ್ ಕಲಿಸುವ ಅಗತ್ಯವೇ ಇರಲಿಲ್ಲ. ಕಾಲು ಸಿಕ್ಕರೆ ಬಿಡೋ ಪೈಕಿ ಅಲ್ಲ ಅವರು. ಹಾಗಾಗಿ ಡಿಫೆನ್ಸ್ ಇದೆ, ಅಟ್ಯಾಕ್ ಒಂದು ತಂದರೆ ಸಾಕು ಅಂದುಕೊಂಡೆ.

ಅದು 2023. ಐರ್ಲೆಂಡ್ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್‌ನಲ್ಲಿ ಐದಕ್ಕೆ ಐದೂ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದಿತ್ತು. ಅದರ ಹಿಂದಿನ ವರ್ಷ ನ್ಯೂಜಿಲೆಂಡಿಗೇ ಹೋಗಿ ಸರಣಿಯನ್ನು 2-1ರಿಂದ ಗೆದ್ದು ಬಂದಿತ್ತು. ಅವರ ಅಟ್ಯಾಕ್ ನೋಡೋಕೆ ಎಷ್ಟು ಚೆಂದ ಅಂದರೆ, ಒಬ್ಬ ಚೆಂಡು ಹಿಡಿದು ಡಿಫೆನ್ಸ್ ಹತ್ತಿರ ಹೋದರೆ ಅವನ ಎಡಕ್ಕೊಬ್ಬ, ಬಲಕ್ಕೊಬ್ಬ, ಬೆನ್ನ ಹಿಂದೆ ಇನ್ನೊಬ್ಬ. ಯಾರಿಗೆ ಕೊಡ್ತಾನೆ ಅಂತ ಕೊನೇ ಕ್ಷಣದವರೆಗೂ ಗೊತ್ತಾಗಲ್ಲ. ಅವರ ಹತ್ತನೇ ನಂಬರ್ ಜಾನಿ ಸೆಕ್ಸ್‌ಟನ್ ಪಾಸ್ ಕೊಟ್ಟವನೇ ಸುತ್ತು ಹಾಕಿ ಹಿಂದಿನಿಂದ ಬಂದು ಮತ್ತೆ ಚೆಂಡು ಇಸ್ಕೊಳ್ತಿದ್ದ. ನಾನು ಮನೆಯಲ್ಲಿ ಲ್ಯಾಪ್‌ಟಾಪ್ ನಿಲ್ಲಿಸಿ ನಿಲ್ಲಿಸಿ ನೋಡಿ, ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟುಕೊಂಡೆ. 1-3-3-1 ಅಂದರೆ ನಿಮಗೆ ಗೊತ್ತೇ ಇದೆ: ತಳ್ಳಾಟದ ಕೆಲಸ ಮಾಡೋ ಎಂಟು ಫಾರ್ವರ್ಡ್‌ಗಳಲ್ಲಿ ಎರಡೂ ಅಂಚಿಗೆ ಒಬ್ಬೊಬ್ಬ, ನಡುವೆ ಮೂರು ಮೂರು ಜನರ ಎರಡು ಗುಂಪು.

ಕೋನ್ ತಗೊಳ್ಳೋಕೆ ದುಡ್ಡಿರಲಿಲ್ಲ. ಕಾಫಿ ನರ್ಸರಿಯಿಂದ ಪ್ಲಾಸ್ಟಿಕ್ ಕೊಟ್ಟೆ (ಸಸಿ ಹಾಕೋ ಚೀಲ) ತಂದು, ಮಣ್ಣು ತುಂಬಿ, ಚುಕ್ಕೆ ಇದ್ದ ಜಾಗದಲ್ಲೆಲ್ಲ ಇಟ್ಟೆವು. ಒಬ್ಬೊಬ್ಬನಿಗೂ ಅವನದೇ ಒಂದು ಕೊಟ್ಟೆ ಗುರುತು. ರಕ್ (ಟ್ಯಾಕಲ್ ಆಗಿ ಬಿದ್ದವನ ಚೆಂಡಿನ ಮೇಲೆ ಎರಡೂ ಕಡೆಯವರು ನಿಂತು ತಳ್ಳಾಡೋದು) ಆದ ತಕ್ಷಣ ಓಡಿ ಬಂದು ನಿನ್ನ ಕೊಟ್ಟೆ ಹತ್ತಿರ ನಿಲ್ಲು. ಮಳೆಗಾಲ ಪೂರ್ತಿ ಇದೇ. ಕೆಂಪು ಮಣ್ಣು ಮೊಣಕಾಲವರೆಗೆ ಮೆತ್ತಿಕೊಂಡು ಹುಡುಗರು ಓಡಿ ಓಡಿ ತಮ್ಮ ಜಾಗ ಸೇರೋದು ನೋಡಿದರೆ ಯಾವ ದೇಶದ ತಂಡವೋ ಅನ್ನಿಸ್ತಿತ್ತು. ಗ್ಯಾಲರಿಯಲ್ಲಿ ಕೂತು ನೋಡೋರೂ ಹಾಗೇ ಅನ್ನೋರು.

ಬೆಂಗಳೂರಿಗೆ ಹೋಗಿ ಒಂದು ಕ್ಲಬ್ ಜೊತೆ ಹದಿನೈದರ ಮ್ಯಾಚ್ ಆಡಿದೆವು. ಸ್ಕೋರ್ ಕೇಳಬೇಡಿ. ಒಂದೇ ಒಂದು ಟ್ರೈ (ಎದುರಿನವರ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸೋದು) ಹಾಕಲಿಲ್ಲ. ಎದುರಿನವರು ನಮಗಿಂತ ದಪ್ಪ ಇರಲಿಲ್ಲ, ಜೋರೂ ಇರಲಿಲ್ಲ. ನಾವು ಚೆಂಡು ಇಟ್ಟುಕೊಂಡು ಹಿಂದೆ ಹಿಂದೆ ಹೋಗ್ತಾ ಇದ್ದೆವು, ಅಷ್ಟೇ. ಹಾಫ್ ಟೈಮಿನಲ್ಲಿ ನಮ್ಮ ನಂಬರ್ 6 ಹುಡುಗನನ್ನು ಬೈದೆ. ಅವನು, "ಸಾರ್, ನಾನು ನನ್ನ ಜಾಗದಲ್ಲೇ ಇದ್ದೆ, ಬೇಕಾದ್ರೆ ಇವರನ್ನ ಕೇಳಿ" ಅಂದ. ನಿಜ. ಎಲ್ಲರೂ ಅವರವರ ಜಾಗದಲ್ಲೇ ಇದ್ದರು.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾದರೂ ಓದಿ. ರಗ್ಬಿಯಲ್ಲಿ ಕೈಯಿಂದ ಮುಂದಕ್ಕೆ ಪಾಸ್ ಕೊಡುವ ಹಾಗಿಲ್ಲ. ಅಂದರೆ ಪ್ರತಿ ಪಾಸಿಗೂ ನೀವು ಒಂದಿಷ್ಟು ಜಾಗ ಕಳ್ಕೊಳ್ತೀರಿ. ಅದನ್ನು ವಾಪಸ್ ತರೋದು ಚೆಂಡು ಹಿಡಿದವನ ವೇಗ. ಎದುರಿನವರು ರಕ್‌ನಲ್ಲಿ ತಮ್ಮ ಕಡೆಯ ಕೊನೆಯವನ ಪಾದದ ಹಿಂದೆ ಇರಬೇಕು, ಅದು ನಿಯಮ. ರಕ್‌ನಿಂದ ಚೆಂಡು ಮೂರು ಸೆಕೆಂಡಿನೊಳಗೆ ಹೊರಗೆ ಬಂದರೆ ಅವರು ಇನ್ನೂ ಹಿಂದಕ್ಕೆ ಓಡ್ತಾ ಇರ್ತಾರೆ. ಒಬ್ಬ ಆಫ್‌ಸೈಡ್, ಇನ್ನೊಬ್ಬ ನೆಲದ ಮೇಲೆ, ಮತ್ತೊಬ್ಬ ಯಾವ ಕಡೆ ನಿಲ್ಲಲಿ ಅಂತ ನೋಡ್ತಾ ಇರ್ತಾನೆ. ಆಗ ನಿಮ್ಮ ಪ್ಯಾಟರ್ನ್ ಏನೇ ಇರಲಿ, ತೂತು ಸಿಗುತ್ತೆ. ಅದೇ ಚೆಂಡು ಐದಾರು ಸೆಕೆಂಡ್ ತಗೊಂಡರೆ ಅವರು ಸಾಲಾಗಿ ನಿಂತು, ಉಸಿರು ತಗೊಂಡು, ಒಟ್ಟಿಗೆ ಮೇಲೆ ಬರ್ತಾರೆ. ಆಗ 1-3-3-1 ಇರಲಿ, 2-4-2 ಇರಲಿ, ನಿಮ್ಮ ಮೂರು ಜನರ ಗುಂಪು ನಿಂತಲ್ಲೇ ಹೊಡೆತ ತಿನ್ನುತ್ತೆ. ನಮ್ಮ ಹುಡುಗರು ಕೊಟ್ಟೆ ಹತ್ತಿರ ನಿಂತಿದ್ದರು ನೋಡಿ, ನಿಂತಿದ್ದರು! ಒಂಬತ್ತನೇ ನಂಬರಿನವನು ಚೆಂಡು ಎತ್ತುವಾಗ ಹಿಂದಿನಿಂದ ಓಡಿ ಬರ್ತಾ ಇರಬೇಕಿತ್ತು. ನಾನು ಅವರಿಗೆ ಎಲ್ಲಿ ನಿಲ್ಲಬೇಕು ಅಂತ ಕಲಿಸಿದೆ. ಯಾವಾಗ ಹೊರಡಬೇಕು ಅಂತ ಕಲಿಸಲೇ ಇಲ್ಲ.

ಇನ್ನು ರಕ್ ಯಾಕೆ ನಿಧಾನ ಆಗ್ತಿತ್ತು? ಆ ಮ್ಯಾಚಿನ ಮೊಬೈಲ್ ವಿಡಿಯೋವನ್ನು ರಾತ್ರಿ ಬಸ್ಸಲ್ಲಿ ನೋಡ್ತಾ ಕೂತಾಗ ಗೊತ್ತಾಯಿತು. ಕಬಡ್ಡಿಯಲ್ಲಿ ಹಿಡಿದರೆ ಆಟ ಮುಗೀತು. ನಮ್ಮ ಹುಡುಗ ಟ್ಯಾಕಲ್ ಆಗಿ ಬಿದ್ದ ಕೂಡಲೇ ಮೈ ಸಡಿಲ ಬಿಡ್ತಿದ್ದ. ಚೆಂಡು ಎದೆಗೆ ಅವಚಿಕೊಂಡು ಹಾಗೇ ಬಿದ್ದಿರೋನು. ಪಕ್ಕದಲ್ಲಿದ್ದವನೂ, ಪಾಪ, ಔಟಾದ ಅಂತ ಒಂದು ಕ್ಷಣ ನಿಲ್ಲೋನು. ಆ ಒಂದು ಕ್ಷಣದಲ್ಲಿ ಎದುರಿನವನು ಬಂದು ಚೆಂಡಿನ ಮೇಲೆ ಬಗ್ಗಿ ನಿಂತಿರೋನು. ಮಳೆಗಾಲ ಪೂರ್ತಿ ನಾನು ಎಲ್ಲರನ್ನೂ ಕೊಟ್ಟೆ ಕಡೆ ಓಡಿಸಿದ್ದೆ. ಬಿದ್ದವನ ಕಡೆ ಓಡಿ ಅಂತ ಹೇಳಿರಲೇ ಇಲ್ಲ. ಅಭ್ಯಾಸದಲ್ಲಿ ಇದು ಕಾಣಲೂ ಇಲ್ಲ, ಯಾಕೆಂದರೆ ಅಲ್ಲಿ ನಮ್ಮ ರಕ್‌ಗೆ ಎದುರು ಯಾರೂ ಬರ್ತಿರಲಿಲ್ಲ.

ಇದರ ಬೆಲೆ? ಕಾಲೇಜಿನವರು ಮುಂದಿನ ವರ್ಷದ ಬಸ್ ಖರ್ಚು ಕೊಡಲಿಲ್ಲ. "ಕಬಡ್ಡಿಯಲ್ಲಿ ಕಪ್ ತರೋ ಹುಡುಗರನ್ನ ಹಾಳು ಮಾಡ್ತಿದ್ದೀರಿ" ಅಂತ ಮಾತು ಬೇರೆ. ನಮ್ಮ ಒಳ್ಳೇ ಒಂಬತ್ತನೇ ನಂಬರ್ ಹುಡುಗ ವಾಪಸ್ ಕಬಡ್ಡಿಗೆ ಹೋದ. ಅವನನ್ನು ದೂರಲ್ಲ, ಅಲ್ಲಿ ಅವನಿಗೆ ಸರ್ಟಿಫಿಕೇಟ್ ಸಿಗ್ತಿತ್ತು.

ಆ ಮ್ಯಾಚ್ ಆಗಿ ಸ್ವಲ್ಪ ದಿನಕ್ಕೆ, ಅಕ್ಟೋಬರ್‌ನಲ್ಲಿ, ವಿಶ್ವಕಪ್ ಕ್ವಾರ್ಟರ್ ಫೈನಲ್. ಸತತ 17 ಮ್ಯಾಚ್ ಗೆದ್ದು ಬಂದಿದ್ದ ಐರ್ಲೆಂಡ್ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡ್ ಎದುರು 28-24ಕ್ಕೆ ಸೋತಿತು. ಕೊನೆಯಲ್ಲಿ 37 ಫೇಸ್ (ಒಂದು ರಕ್‌ನಿಂದ ಇನ್ನೊಂದು ರಕ್‌ವರೆಗಿನ ಆಟ) ಆಡಿದರು ನೋಡಿ. ಚೆಂಡು ಕಳ್ಕೊಳ್ಳಲಿಲ್ಲ, ಪ್ಯಾಟರ್ನ್ ತಪ್ಪಲಿಲ್ಲ, ಆದರೂ ಗೆರೆ ದಾಟಲಿಲ್ಲ. ಕೊನೆಗೆ ನ್ಯೂಜಿಲೆಂಡಿನ ಸ್ಯಾಮ್ ವೈಟ್‌ಲಾಕ್ ಚೆಂಡು ಕಿತ್ತುಕೊಂಡ. ಆಗ ನ್ಯೂಜಿಲೆಂಡಿನ ಕೋಚ್‌ಗಳ ಪೈಕಿ ಜೋ ಶ್ಮಿಟ್ ಇದ್ದರು. 2013ರಿಂದ 2019ರವರೆಗೆ ಐರ್ಲೆಂಡ್ ತಂಡವನ್ನು ಕಟ್ಟಿದವರೇ ಅವರು. ಒಳಗಿನ ಗುಟ್ಟೆಲ್ಲ ಗೊತ್ತಿದ್ದ ಮನುಷ್ಯ. ನನ್ನ ನೋಟ್‌ಬುಕ್ ಚುಕ್ಕೆಗಳ ಮೇಲಿದ್ದ ಭಕ್ತಿ ಅವತ್ತು ಪೂರ್ತಿ ಇಳಿಯಿತು.

ಈಗ ನಿಮ್ಮ ಪ್ರಶ್ನೆಯ ಮೊದಲ ಭಾಗ, ರಾಷ್ಟ್ರೀಯ ತಂಡಗಳು ಅಟ್ಯಾಕ್ ಹೇಗೆ ಕಟ್ಟುತ್ತವೆ ಅಂತ. ರಾಷ್ಟ್ರೀಯ ಕೋಚ್‌ಗೆ ಸಾಮಾನ್ಯವಾಗಿ ಆಟಗಾರರು ಸಿಗೋದೇ ವರ್ಷದಲ್ಲಿ ಕೆಲವು ವಾರ. ಅಷ್ಟರಲ್ಲಿ ಹೊಸದಾಗಿ ಏನೂ ಹುಟ್ಟಿಸೋಕೆ ಆಗಲ್ಲ. ಹುಡುಗರು ಕ್ಲಬ್‌ನಿಂದ ಏನು ತಂದಿದ್ದಾರೋ ಅದರ ಮೇಲೇ ಕಟ್ಟಬೇಕು. ಐರ್ಲೆಂಡ್ ತಂಡದಲ್ಲಿ ಅರ್ಧಕ್ಕೂ ಹೆಚ್ಚು ಜನ ಲೆನ್‌ಸ್ಟರ್ ಅನ್ನೋ ಒಂದೇ ತಂಡದಿಂದ ಬಂದವರು. ವಾರವಾರ ಒಟ್ಟಿಗೆ ಆಡೋರು. ಆ ಚಿಕ್ಕ ಚಿಕ್ಕ ಪಾಸ್‌ಗಳು ಅಲ್ಲಿಂದ ಬಂದದ್ದು. ನಾನು ಯೂಟ್ಯೂಬಿನಲ್ಲಿ ನೋಡಿದ್ದು ಮೇಲಿನ ಬಣ್ಣ ಮಾತ್ರ.

ನಮಗೆ ನಿಜವಾಗಿ ಪಾಠ ಆಗಬೇಕಾದ್ದು ಜಪಾನ್. ಅದು ನಿಮ್ಮ ಪಟ್ಟಿಯಲ್ಲೇ ಇಲ್ಲ! ಎಡ್ಡಿ ಜೋನ್ಸ್ ಕೋಚ್ ಆಗಿದ್ದಾಗ ಅವರು "ನಮ್ಮವರು ಗಿಡ್ಡ, ಹಗುರ" ಅನ್ನೋದರಿಂದಲೇ ಶುರು ಮಾಡಿದರು. ಗಿಡ್ಡ ಇದ್ದರೆ ಕೆಳಗೆ ಬಗ್ಗಿ ಹೋಗೋದು ಸುಲಭ. ಹಗುರ ಇದ್ದರೆ ಬೇಗ ಎದ್ದು ಮತ್ತೆ ಓಡಬಹುದು. ತಿಂಗಳುಗಟ್ಟಲೆ ಕ್ಯಾಂಪ್ ಹಾಕಿ, ರಕ್ ಬೇಗ ಬಿಡಿಸೋದನ್ನೇ ತಿಕ್ಕಿ ತಿಕ್ಕಿ ಕಲಿಸಿದರು. 2015ರ ವಿಶ್ವಕಪ್‌ನಲ್ಲಿ, ಇಂಗ್ಲೆಂಡಿನ ಬ್ರೈಟನ್‌ನಲ್ಲಿ, ದಕ್ಷಿಣ ಆಫ್ರಿಕಾವನ್ನು 34-32ಕ್ಕೆ ಸೋಲಿಸಿದರು. ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಒದ್ದಿದ್ದರೆ ಡ್ರಾ ಆಗ್ತಿತ್ತು. ಕ್ಯಾಪ್ಟನ್ ಮೈಕೆಲ್ ಲೀಚ್ ಬೇಡ ಅಂತ ಸ್ಕ್ರಮ್ (ಎರಡೂ ಕಡೆಯ ಫಾರ್ವರ್ಡ್‌ಗಳು ಕೂಡಿ ತಳ್ಳಾಡಿ ಚೆಂಡು ಗಳಿಸೋದು) ತಗೊಂಡ. ಅದರಿಂದಲೇ ಕಾರ್ನ್ ಹೆಸ್ಕೆತ್ ಟ್ರೈ ಹಾಕಿದ. ಆಮೇಲೆ ಜೇಮಿ ಜೋಸೆಫ್ ಬಂದರು, ಅಟ್ಯಾಕ್ ನೋಡಿಕೊಳ್ಳೋಕೆ ಟೋನಿ ಬ್ರೌನ್. ರಕ್ ಗಟ್ಟಿಯಾದ ಮೇಲೆ ಅವರು ಆಫ್‌ಲೋಡ್ (ಟ್ಯಾಕಲ್ ಆಗ್ತಾ ಇರುವಾಗಲೇ ಕೊಡೋ ಪಾಸ್) ಸೇರಿಸಿದರು, ಒದೆಯೋದು ಸೇರಿಸಿದರು. 2019ರ ವಿಶ್ವಕಪ್‌ನಲ್ಲಿ ಐರ್ಲೆಂಡನ್ನು 19-12, ಸ್ಕಾಟ್ಲೆಂಡನ್ನು 28-21ಕ್ಕೆ ಸೋಲಿಸಿ ಮೊದಲ ಸಲ ಕ್ವಾರ್ಟರ್ ಫೈನಲ್‌ಗೆ ಹೋದರು. ಸ್ಕಾಟ್ಲೆಂಡ್ ಮ್ಯಾಚಿನಲ್ಲಿ ಆಫ್‌ಲೋಡ್ ಮೇಲೆ ಆಫ್‌ಲೋಡ್ ಆಗಿ ಪ್ರಾಪ್ (ಸ್ಕ್ರಮ್‌ನ ಮೊದಲ ಸಾಲಿನವನು) ಆಡೋ ಇನಾಗಾಕಿ ಪೋಸ್ಟ್ ಕೆಳಗೆ ಹಾಕಿದ ಟ್ರೈ ಹುಡುಕಿ ನೋಡಿ. ಹುಡುಗರಿಗೂ ತೋರಿಸಿ.

ದಕ್ಷಿಣ ಆಫ್ರಿಕಾ ಬಗ್ಗೆ ಚುಟುಕಾಗಿ. 2023ರ ವಿಶ್ವಕಪ್ ಫೈನಲ್ ಅವರು 12-11ಕ್ಕೆ ಗೆದ್ದರು, ಒಂದೂ ಟ್ರೈ ಇಲ್ಲದೆ, ಪೋಲಾರ್ಡ್ ಹೊಡೆದ ನಾಲ್ಕು ಪೆನಾಲ್ಟಿಯಲ್ಲಿ. 2024ರಲ್ಲಿ ಅದೇ ಟೋನಿ ಬ್ರೌನ್ ಅವರನ್ನು ಕರೆಸಿಕೊಂಡು ಅಟ್ಯಾಕ್ ಅಗಲ ಮಾಡಿಕೊಂಡರು. ಸ್ಕ್ರಮ್, ಲೈನ್‌ಔಟ್ (ಹೊರಗೆ ಹೋದ ಚೆಂಡನ್ನು ಒಳಗೆ ಎಸೆಯೋದು), ರಕ್ ಎಲ್ಲ ಮೊದಲೇ ಕಬ್ಬಿಣ ಇತ್ತು, ಅದಕ್ಕೇ ನಡೀತು. ಫಿಜಿ? 2016ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರಿಟನ್‌ಗೆ 43-7 ಹೊಡೆದದ್ದು ಸೆವೆನ್ಸ್. ಅಷ್ಟೇ ಗ್ರೌಂಡಿನಲ್ಲಿ ಏಳೇ ಜನ, ಜಾಗ ಬೇಕಾದಷ್ಟು. ಅಲ್ಲಿ ಬಾಲ್ಯದಿಂದ ಚೆಂಡು ಹಿಡಿದೇ ಬೆಳೀತಾರೆ. ಆ ಆಫ್‌ಲೋಡ್ ನಿಮ್ಮ ಹುಡುಗರು ಹದಿನೈದರ ಆಟದಲ್ಲಿ ಮಾಡೋಕೆ ಹೋದರೆ ಚೆಂಡು ನೆಲಕ್ಕೆ.

ನಾವು ಆಮೇಲೆ ಮಾಡಿದ್ದು ಇದು. ಕೊಟ್ಟೆಗಳನ್ನೆಲ್ಲ ಎತ್ತಿ ನರ್ಸರಿಗೆ ವಾಪಸ್ ಕೊಟ್ಟೆವು. ಒಂದು ಸಂಜೆ ತರೀಕೆರೆ ಹುಡುಗ ಟ್ಯಾಕಲ್ ಆಗಿ ಬಿದ್ದಾಗ ನಾನು ಸುಮ್ನೆ ಕೂಗಿದೆ, "ಲೋ, ನಡುಗೆರೆ ಮುಟ್ಟೋ!" ಅವನು ತಟ್ಟನೆ ಮೈ ತಿರುಗಿಸಿ, ಕೈ ಪೂರ್ತಿ ಚಾಚಿ, ಚೆಂಡನ್ನು ನಮ್ಮ ಕಡೆಗೆ ನೆಲದ ಮೇಲೆ ಇಟ್ಟ. ರೈಡಿಗೆ ಹೋದವನು ಹಿಡಿಸಿಕೊಂಡ ಮೇಲೂ ತನ್ನ ಕಡೆಯ ಗೆರೆಗೆ ಕೈ ಚಾಚ್ತಾನಲ್ವಾ, ಥೇಟ್ ಅದೇ. ರಗ್ಬಿಯಲ್ಲಿ ಇದಕ್ಕಿಂತ ಒಳ್ಳೇ ರೀತಿ ಚೆಂಡು ಇಡೋಕೆ ಆಗಲ್ಲ. ಎದುರಿನವನಿಗೆ ಕೈಗೆಟುಕಲ್ಲ, ನಮ್ಮವನಿಗೆ ಎತ್ತೋಕೆ ಸುಲಭ. ಅವತ್ತಿನಿಂದ ಅದೇ ಕೂಗು. ಪಕ್ಕದಲ್ಲಿದ್ದ ಇಬ್ಬರು ಬಿದ್ದವನ ಹಿಂದಿನಿಂದಲೇ ಬರಬೇಕು, ಸೊಂಟದ ಮಟ್ಟಕ್ಕೆ ಬಗ್ಗಿ ಚೆಂಡು ದಾಟಿ ತಳ್ಳಬೇಕು. ಪಕ್ಕದಿಂದ ನುಗ್ಗಿದರೆ ಪೆನಾಲ್ಟಿ, ಅದನ್ನು ಮೊದಲ ದಿನವೇ ಹೇಳಿಬಿಡಿ. ಅಭ್ಯಾಸದಲ್ಲಿ ಎದುರಿಗೆ ಒಬ್ಬನಾದರೂ ಚೆಂಡು ಕೀಳೋಕೆ ಬರಲೇಬೇಕು. ಇದು ಸರಿ ಹೋದ ಮೇಲೆ ಓಟದ ಟೈಮಿಂಗ್. ಆಕಾರ ಅಂತ ನಾವು ಈಗಲೂ ಜಾಸ್ತಿ ಏನೂ ಇಟ್ಟುಕೊಂಡಿಲ್ಲ: ರಕ್ ಪಕ್ಕ ಮೂರು ಜನ ಓಡಿ ಬರ್ತಾರೆ, ಅವರ ಹಿಂದೆ ಹತ್ತನೇ ನಂಬರ್ ಇರ್ತಾನೆ. ಕೆಲವು ಮ್ಯಾಚ್ ಗೆಲ್ತೀವಿ, ಕೆಲವು ಸೋಲ್ತೀವಿ. ಟ್ರೈ ಅಂತೂ ಬರ್ತಾ ಇದೆ.

ಇನ್ನೊಂದು. ಅಟ್ಯಾಕ್ ಅಂದರೆ ಬರೀ ಪಾಸ್ ಅಲ್ಲ. 2021ರಿಂದ 50:22 ನಿಯಮ ಇದೆ. ನಿಮ್ಮ ಅರ್ಧದಿಂದ ಒದ್ದ ಚೆಂಡು ಗ್ರೌಂಡಿನೊಳಗೆ ನೆಲಕ್ಕೆ ಬಿದ್ದು ಪುಟಿದು ಅವರ 22 ಮೀಟರ್ ಜಾಗದಲ್ಲಿ ಹೊರಗೆ ಹೋದರೆ ಲೈನ್‌ಔಟ್ ಎಸೆತ ನಿಮ್ಮದೇ. ಚೆನ್ನಾಗಿ ಒದೆಯೋನು ಒಬ್ಬ ಇದ್ದರೆ ಸಾಕು, ಅವರ ವಿಂಗ್ (ಅಂಚಿನಲ್ಲಿ) ಆಡೋರು ಹೆದರಿ ಹಿಂದೆ ನಿಲ್ತಾರೆ, ಮುಂದಿನ ಸಾಲು ತೆಳ್ಳಗಾಗುತ್ತೆ. ಹಾಸನದಲ್ಲಿ ಫುಟ್‌ಬಾಲ್ ಆಡೋ ಹುಡುಗ ಒಬ್ಬ ಸಿಗದೇ ಇರ್ತಾನಾ?

ಕೊನೆಗೆ ಡ್ರೋನ್ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ದುಡ್ಡಿಗೆ ಎಲ್ಲರಿಗೂ ಮೌತ್‌ಗಾರ್ಡ್, ನಾಲ್ಕು ಒಳ್ಳೇ ಸೈಜ್ 5 ಚೆಂಡು ಬರುತ್ತೆ. ವಿಡಿಯೋಗೆ ಒಬ್ಬ ಹುಡುಗನನ್ನು ಗ್ಯಾಲರಿಯ ಮೇಲಿನ ಮೆಟ್ಟಿಲ ಮೇಲೆ ಮೊಬೈಲ್ ಕೊಟ್ಟು ನಿಲ್ಲಿಸಿ, ಚೆಂಡಿನ ಹಿಂದೆ ಹೋಗಬೇಡ, ರಕ್ ಮೇಲೇ ಇಡು ಅಂತ ಹೇಳಿ. ಟೂರ್ನಮೆಂಟಿಗೆ ಮುಂಚೆ ಒಂದು ಭಾನುವಾರ ಹುಡುಗರನ್ನು ಚಿಕ್ಕಮಗಳೂರಿಗೆ ಕರ್ಕೊಂಡು ಬನ್ನಿ, ಬೆಳಗ್ಗಿನ ಬಸ್ಸಿಗೆ ಬಂದರೆ ಸಂಜೆಗೆ ವಾಪಸ್. ಬರೋ ಮುಂಚೆ ಮಾತ್ರ ಒಂದು ಮೆಸೇಜ್ ಹಾಕಿ. ಅವತ್ತು ಯಾವುದಾದರೂ ಕ್ರಿಕೆಟ್ ಟೂರ್ನಮೆಂಟ್ ಬಿದ್ದರೆ ಗ್ರೌಂಡಿನಲ್ಲಿ ನಮಗೆ ಕಾಲಿಡೋಕೂ ಬಿಡಲ್ಲ.