ಹನ್ನೊಂದನೇ ದಿನದ ಲೆಕ್ಕ

ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವಾರಕ್ಕೆ ಮೂರು ದಿನ ಆಪ್ತಸಲಹೆಗೆ ಕೂರುತ್ತೇನೆ. ಗುರುತು ಸಿಗದಂತೆ ಇಲ್ಲಿ ಹೆಸರುಗಳನ್ನೂ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ರಾಜು ಎಂದು ಕರೆಯೋಣ. ವಯಸ್ಸು 31, ಕಟಿಂಗ್ ವಿಭಾಗ, ಕೈಗೆ ಬರುವ ಸಂಬಳ 16,500. ಒಂದು ಗುರುವಾರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ನಾಲ್ಕು ಮಡಿಕೆಯ ರಾಜೀನಾಮೆ ಪತ್ರ ಕೈಯಲ್ಲಿತ್ತು. ಕಚೇರಿಯವರು ಅದನ್ನು ತೆಗೆದುಕೊಳ್ಳದೆ ನನ್ನ ಹತ್ತಿರ ಕಳಿಸಿದ್ದರು.

"ಕೆಲಸ ಬಿಟ್ರೆ ಪಿ.ಎಫ್. ದುಡ್ಡು ಬೇಗ ಬರುತ್ತಾ ಮೇಡಂ?"

ಅವನ ಅಪ್ಪ ಗಾರೆ ಕೆಲಸದ ಮೇಸ್ತ್ರಿ, 57 ವರ್ಷ. ಶನಿವಾರ ರಾತ್ರಿ ಎದೆನೋವು ಬಂದಿದೆ, ಪಟ್ಟಣದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದಾರೆ, ಭಾನುವಾರ ಮಧ್ಯಾಹ್ನ ತೀರಿಕೊಂಡಿದ್ದಾರೆ. ಇದನ್ನು ಕೇಳಿದ ಯಾವ ಸಲಹೆಗಾರನೂ ಮಾಡುವುದನ್ನೇ ನಾನೂ ಮಾಡಿದೆ. "ಅಪ್ಪನ ಬಗ್ಗೆ ಹೇಳಿ" ಎಂದೆ. ಅವನ ಮುಖ ಗಂಟಿಕ್ಕಿತು. "ಅಪ್ಪ ಹೋದ್ರು, ಅದು ಆಯ್ತು. ಬುಧವಾರ ತಿಥಿ. ಒಂದು ಲಕ್ಷದ ಮೂವತ್ತೈದು ಸಾವಿರ ಬೇಕು." ದುಃಖದ ಮಾತಿಗೆ ಅವನಲ್ಲಿ ಜಾಗವೇ ಇರಲಿಲ್ಲ, ಎಲ್ಲ ಜಾಗವನ್ನೂ ಲೆಕ್ಕ ಹಿಡಿದಿತ್ತು. ಸರಿ, ಪೆನ್ನು ತೆಗೆದೆ.

ಮೊದಲು ಆಗಿಹೋದ ಖರ್ಚು ಬರೆಸಿದೆ. ಆಸ್ಪತ್ರೆಗೆ 38,000. ಆಂಬುಲೆನ್ಸ್ 4,500, ಫ್ರೀಜರ್ ಬಾಕ್ಸ್ 3,000, ಹೂವು 3,500, ಸೌದೆ 9,000, ತಮಟೆಯವರಿಗೆ 4,000, ಚಟ್ಟ, ಮಡಕೆ, ಪೂಜೆ ಸಾಮಾನು ಸೇರಿ 1,500, ಬಂದವರಿಗೆ ಕಾಫಿ ತಿಂಡಿ 6,500. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಹೋಗಿಬಂದ ಕಾರು, ಪುರೋಹಿತರ ದಕ್ಷಿಣೆ 5,000. ಒಟ್ಟು 75,000. ಇದರಲ್ಲಿ ಅವನದೇ ದುಡ್ಡು 6,000. ಅಪ್ಪನ ಎ.ಟಿ.ಎಂ. ಕಾರ್ಡಿನಿಂದ ಸೋಮವಾರ ಬೆಳಿಗ್ಗೆ ತೆಗೆದದ್ದು 9,000. ಉಳಿದ 60,000 ಊರಿನಲ್ಲೇ ಒಬ್ಬರಿಂದ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ತಂದದ್ದು.

ಆಸ್ಪತ್ರೆಯ 38,000ದ ಕಥೆ ಬೇರೆ. ಬಾಕಿ ಕಟ್ಟಿದ ಮೇಲೇ ಹೆಣ ಕೊಡುತ್ತೇವೆ ಎಂದು ಕೌಂಟರಿನಲ್ಲಿ ಹೇಳಿದ್ದಾರೆ. ಇವನು ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಬೈಕ್ ಹತ್ತಿ ಊರಿಗೆ ಹೋಗಿ ಸಾಲ ಮಾಡಿಕೊಂಡು ಬಂದಿದ್ದಾನೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಾಕಿ ಇದೆ ಎಂಬ ಕಾರಣಕ್ಕೆ ಶವ ಕೊಡದೆ ಇಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು, ಅಷ್ಟೆ. ಆ ಮಧ್ಯಾಹ್ನ ಬೆಂಚಿನ ಹತ್ತಿರ ಇದನ್ನು ಹೇಳುವವರು ಒಬ್ಬರಿದ್ದಿದ್ದರೆ ಐದು ರೂಪಾಯಿ ಬಡ್ಡಿಗೆ ಅಷ್ಟೊಂದು ಸಾಲ ಅವತ್ತೇ ಬೇಕಾಗುತ್ತಿರಲಿಲ್ಲ. ರಾಜುವಿಗೆ ಅವತ್ತು ಇದನ್ನು ನಾನು ಹೇಳಲಿಲ್ಲ. ಕಟ್ಟಿದ ದುಡ್ಡಿನ ಮೇಲೆ ಇನ್ನೊಂದು ಕೊರಗು ಬೇಡ ಅನ್ನಿಸಿತು. ಓದುವವರಿಗೆ ಹೇಳುತ್ತಿದ್ದೇನೆ.

ಆಮೇಲೆ ಬುಧವಾರದ ಖರ್ಚಿನ ಪಟ್ಟಿ. ಅಡುಗೆಯವನು ಬರೆದುಕೊಟ್ಟ ಚೀಟಿ ಜೇಬಿನಲ್ಲೇ ಇತ್ತು. ಆರುನೂರು ಜನಕ್ಕೆ 80 ಕೆ.ಜಿ. ಕುರಿ ಮಾಂಸ, ಕೆ.ಜಿ.ಗೆ 700ರಂತೆ 56,000. ಶಾಮಿಯಾನ, ಕುರ್ಚಿ, ಪಾತ್ರೆ 22,000. ಅಡುಗೆಯವರ ಕೂಲಿ 15,000. ಅಕ್ಕಿ, ರಾಗಿ, ದಿನಸಿ 24,000. ದಾನ ದಕ್ಷಿಣೆ 8,000, ನೆಂಟರಿಗೆ ಬಟ್ಟೆ 7,000, ಬಸ್ ಸ್ಟ್ಯಾಂಡಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್ 3,000. ಆ ಚೀಟಿಯಲ್ಲಿ ಮಾಂಸದ ಸಾಲಿನ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದರು. ದೊಡ್ಡಪ್ಪ ಎಳೆದದ್ದಂತೆ. "ಮಾಂಸ ಕಮ್ಮಿ ಆದ್ರೆ ಮರ್ಯಾದೆ ಹೋಗ್ತದೆ ಅಂದ್ರು."

ಇದನ್ನೂ ಅದೇ ಬಡ್ಡಿಗೆ ತಂದರೆ ತಿಂಗಳಿಗೆ ಎಷ್ಟಾಗುತ್ತೆ ಎಂದು ಅವನ ಕೈಯಲ್ಲೇ ಲೆಕ್ಕ ಹಾಕಿಸಿದೆ. ಒಂದು ಲಕ್ಷದ ತೊಂಬತ್ತೈದು ಸಾವಿರಕ್ಕೆ 9,750. ಅಸಲು ಒಂದು ರೂಪಾಯಿಯೂ ತೀರುವುದಿಲ್ಲ. ಪೆನ್ನು ಕೆಳಗಿಟ್ಟ. ಬಾಯಲ್ಲಿ ಐದು ರೂಪಾಯಿ ಎಂದರೆ ಸಣ್ಣದಾಗಿ ಕೇಳುತ್ತದೆ, ವರ್ಷಕ್ಕೆ ನೂರಕ್ಕೆ ಅರವತ್ತು ಎಂದು ಯಾರೂ ಹೇಳುವುದಿಲ್ಲ. ಮಿತಿಮೀರಿದ ಬಡ್ಡಿಯ ವಿರುದ್ಧ ರಾಜ್ಯದಲ್ಲಿ 2004ರಿಂದಲೇ ಕಾಯ್ದೆ ಇದೆ. ಆದರೆ ಸಾಲ ಕೊಟ್ಟವರ ಮನೆ ಇವರ ಬೀದಿಯಲ್ಲೇ. ಸಾವಿನ ಮನೆಯಿಂದ ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಆ ಸಾಲವನ್ನು ಬೇರೆ ಕಡೆಯಿಂದ ತೀರಿಸುವ ದಾರಿ ಹುಡುಕೋಣ ಎಂದೆ. ಸದ್ಯಕ್ಕೆ ರಾಜೀನಾಮೆ ಪತ್ರ ನನ್ನ ಡ್ರಾಯರಿನಲ್ಲಿರಲಿ ಎಂದೆ. ಪಿ.ಎಫ್.ಗಾಗಿ ಕೆಲಸ ಬಿಡುವವರನ್ನು ವರ್ಷಕ್ಕೆ ಇಬ್ಬರು ಮೂವರನ್ನಾದರೂ ನೋಡುತ್ತೇನೆ. ದುಡ್ಡು ಒಂದು ಊಟಕ್ಕೆ ಮುಗಿಯುತ್ತದೆ, ಕೆಲಸವೂ ಹೋಗಿರುತ್ತದೆ. ಕಾರ್ಮಿಕ ತೀರಿಕೊಂಡರೆ ಅಂತ್ಯಕ್ರಿಯೆಗೆ ಇ.ಎಸ್.ಐ.ನಿಂದ 15,000ದವರೆಗೆ ಸಿಗುತ್ತದಲ್ಲ ಎಂದು ಅವನೂ ಕೇಳಿದ. ಅದು ವಿಮೆ ಇರುವ ಕಾರ್ಮಿಕನೇ ತೀರಿಕೊಂಡರೆ ಮಾತ್ರ, ಅವನ ಅಪ್ಪ ಅಮ್ಮ ತೀರಿಕೊಂಡರೆ ಬರುವುದಿಲ್ಲ.

ಅಪ್ಪನ ಹೆಸರಿನಲ್ಲಿ ಏನಿದೆ ಎಂದೆ. ಏನೂ ಇಲ್ಲ ಅಂದ. ಪಾಸ್‌ಬುಕ್ಕಿನ ಫೋಟೊ ಮೊಬೈಲಿನಲ್ಲಿತ್ತು. ಹಿಂದಿನ ವರ್ಷಗಳಲ್ಲಿ ಜೀವನಜ್ಯೋತಿ ವಿಮೆಗೆ 436 ರೂಪಾಯಿ ಕಡಿತವಾಗಿದೆ, ಆಮೇಲೆ ನಿಂತಿದೆ. 55 ತುಂಬಿದ ಮೇಲೆ ಆ ವಿಮೆ ಇರುವುದಿಲ್ಲ. 20 ರೂಪಾಯಿಯ ಸುರಕ್ಷಾ ವಿಮೆ ಇತ್ತು, ಅದು ಅಪಘಾತಕ್ಕೆ ಮಾತ್ರ. ಎರಡೂ ಇಲ್ಲ.

ಫ್ಲೆಕ್ಸಿಗೆ ಫೋಟೊ ಎಲ್ಲಿಂದ ತಂದಿರಿ ಎಂದು ಯಾಕೆ ಕೇಳಿದೆನೋ ಗೊತ್ತಿಲ್ಲ. ತೋರಿಸಿದ. ಅಪ್ಪನ ಮುಖ, ಹೆಗಲ ಮೇಲೆ ನೇರಳೆ ಬಣ್ಣದ ಅರ್ಧ ಸೀಲು. "ಇದು ಯಾವ ಕಾರ್ಡಿಂದು?" ಅಕ್ಕಿ ಡಬ್ಬದಲ್ಲಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತಂತೆ. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು. ನವೀಕರಣದ ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಫೋಟೊ ಸ್ಟುಡಿಯೋದವನು ಸೀಲನ್ನು ಅಳಿಸಲು ಎರಡು ದಿನ ಒದ್ದಾಡಿದ್ದ. ಆ ಸೀಲಿನ ಬೆಲೆ ಯಾರಿಗೂ ಗೊತ್ತಿರಲಿಲ್ಲ.

ನೋಂದಾಯಿತ ಕಟ್ಟಡ ಕಾರ್ಮಿಕ ತೀರಿಕೊಂಡರೆ ಮಂಡಳಿ ಅಂತ್ಯಕ್ರಿಯೆಗೆಂದು 4,000 ಕೊಡುತ್ತದೆ. ಅದರ ಜೊತೆ ಕುಟುಂಬಕ್ಕೆ ಅನುಗ್ರಹ ರಾಶಿ ಬೇರೆ, ಅದು ದೊಡ್ಡ ಮೊತ್ತವೇ. ಇದಲ್ಲದೆ ಬಿ.ಪಿ.ಎಲ್. ಕುಟುಂಬದಲ್ಲಿ ದುಡಿಯುವ ಮುಖ್ಯ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ಬರುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ರಾಜು ಮಂಡ್ಯದಲ್ಲಿ ಬೇರೆ ರೇಷನ್ ಕಾರ್ಡು ಮಾಡಿಸಿಕೊಂಡಿದ್ದ, ಊರಿನ ಕಾರ್ಡಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಹಾಗಾಗಿ ಅರ್ಜಿ ಅಮ್ಮನ ಹೆಸರಿನಲ್ಲಿ. ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಎರಡೆರಡು ಸಲ ಹೇಳಿದೆ: ಇದ್ಯಾವುದೂ ಬುಧವಾರದೊಳಗೆ ಬರುವ ದುಡ್ಡಲ್ಲ, ಇದನ್ನು ನಂಬಿ ಕುರಿ ಹೇಳಬೇಡಿ.

ಅವತ್ತೇ ಮಾಡಬೇಕಾದ ಕೆಲಸ ಬೇರೆ ಇತ್ತು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ, ಹುಟ್ಟೂರಿನಲ್ಲಲ್ಲ. 21 ದಿನದೊಳಗೆ ಆದರೆ ಶುಲ್ಕವಿಲ್ಲ. ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ, ಆದರೆ ಏನೆಂದು ಬರೆದು ಕಳಿಸುತ್ತಾರೆ ನೋಡಿಕೊಂಡು ಬನ್ನಿ ಎಂದೆ. ಊಹೆ ನಿಜವಾಯಿತು. ಆಧಾರಿನಲ್ಲಿ, ಕಾರ್ಡಿನಲ್ಲಿ 'ಸಣ್ಣಸ್ವಾಮಿ', ಆಸ್ಪತ್ರೆ ಚೀಟಿಯಲ್ಲಿ 'ಸ್ವಾಮಿ'. ರಾತ್ರಿ ಸೇರಿಸಿದಾಗ ಪಕ್ಕದ ಮನೆಯವರು ಬಾಯಿಗೆ ಬಂದ ಹೆಸರು ಹೇಳಿದ್ದರು. ಆಧಾರ್ ತೋರಿಸಿ ಶುಕ್ರವಾರವೇ ತಿದ್ದಿಸಿದ. ಬಿಟ್ಟಿದ್ದರೆ ಆರು ತಿಂಗಳು ಅಲೆಯಬೇಕಿತ್ತು. ಎ.ಟಿ.ಎಂ. ಕಾರ್ಡನ್ನು ಇನ್ನು ಮುಟ್ಟಬೇಡಿ, ಅಮ್ಮನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಸಾವಿನ ವಿಷಯ ತಿಳಿಸಿ, ತೆಗೆದ 9,000ವನ್ನೂ ಮುಚ್ಚಿಡದೆ ಹೇಳಿ ಎಂದೆ. ಅಮ್ಮನೇ ನಾಮಿನಿ, ತಂಗಿಯದೂ ತಕರಾರಿರಲಿಲ್ಲ. ಮ್ಯಾನೇಜರು ಬೈದು ಬಿಟ್ಟರಂತೆ.

ಶನಿವಾರ ಅಮ್ಮ ಬಂದರು. ನಾನು ಮನಸ್ಸಿನಲ್ಲೇ ಒಂದು ನಾಟಕ ಬರೆದಿಟ್ಟಿದ್ದೆ: ದೊಡ್ಡಪ್ಪ ಖಳ, ಮಗನ ಕಷ್ಟ ಕೇಳಿ ಅಮ್ಮ ಊಟ ಬೇಡ ಅನ್ನುತ್ತಾರೆ, ಕೇಸು ಮುಗಿಯುತ್ತದೆ. ಹಾಗಾಗಲಿಲ್ಲ. ಊಟ ಹಾಕಲೇಬೇಕು ಎಂದು ಪಟ್ಟು ಹಿಡಿದವರು ಅಮ್ಮನೇ. "ಮೂವತ್ತು ವರ್ಸದಿಂದ ಎಲ್ಲಾರ ಮನೆ ತಿಥೀಲೂ ಉಂಡಿವಿ ಕಣವ್ವ. ನಮ್ಮನೇಲಿ ಎಲೆ ಹಾಕ್ದಿದ್ರೆ ಋಣ ಉಳಿಯಕಿಲ್ವಾ?"

ನಾನು ಇದನ್ನು ಒಣಜಂಭ ಅಂದುಕೊಂಡಿದ್ದೆ. ಅವರಿಗೆ ಅದು ಹಳೇ ಸಾಲ, ಐದು ರೂಪಾಯಿ ಬಡ್ಡಿಯ ಸಾಲಕ್ಕಿಂತ ಮುಂಚಿನದು. ಊಟ ಬೇಡ ಎಂಬ ಸಲಹೆಯನ್ನು ಅಲ್ಲೇ ಕೈಬಿಟ್ಟೆ. ಯಾರ ಯಾರ ಮನೆಯಲ್ಲಿ ಉಂಡಿದ್ದೀರಿ ಹೇಳಿ, ಬರೆಯೋಣ ಎಂದೆ. ಬೆರಳು ಮಡಚುತ್ತಾ ಹೇಳಿದರು. ಇನ್ನೂರು ದಾಟಿತು, ಅಷ್ಟೆ. ಉಳಿದ ನಾನೂರು ಜನ ಯಾರ ಲೆಕ್ಕ? ದೊಡ್ಡಪ್ಪನದು. ಅವರು ಹೋದ ಸಲ ಪಂಚಾಯಿತಿ ಚುನಾವಣೆಗೆ ನಿಂತಿದ್ದವರು.

ದೊಡ್ಡಪ್ಪನ ಎದುರು ಮಾತಾಡಲು ರಾಜುವಿಗೆ ಧೈರ್ಯವಿರಲಿಲ್ಲ. ಎದುರು ಮಾತಾಡಬೇಡಿ, ಜವಾಬ್ದಾರಿ ಕೊಡಿ ಎಂದೆ. ಹೇಳಬೇಕಾದ ಮಾತನ್ನು ಕೋಣೆಯಲ್ಲಿ ನಾಲ್ಕು ಸಲ ಹೇಳಿಸಿದೆ. "ದೊಡ್ಡಪ್ಪ, ಅಪ್ಪ ಇಲ್ಲ, ನೀವೇ ಮುಂದೆ ನಿಂತು ಮಾಡಿಸ್ಕೊಡಿ. ನನ್ನ ಕೈಲಿ ಮೂವತ್ತು ಸಾವಿರ ಆಯ್ತದೆ. ಮಿಕ್ಕಿದ್ದು ನೀವು ಹೇಳ್ದಂಗೆ." ಮೂರನೇ ಸಲದವರೆಗೂ 'ಮೂವತ್ತು' ಅನ್ನುವಾಗ ದನಿ ಇಳಿಯುತ್ತಿತ್ತು.

ಭಾನುವಾರ ಸಂಜೆ ಅವನು ಆ ಮಾತನ್ನು ಹೇಳಿದ. ಸೋಮವಾರ ಬೆಳಿಗ್ಗೆ ದೊಡ್ಡಪ್ಪನೇ ಅಡುಗೆಯವನನ್ನು ಕರೆಸಿ ಚೀಟಿ ತಿದ್ದಿಸಿದರು. ಆರುನೂರು ಇನ್ನೂರಿಪ್ಪತ್ತಾಯಿತು, ಮಾಂಸ 30 ಕೆ.ಜಿ.ಗೆ ಇಳಿಯಿತು, ಶಾಮಿಯಾನ ಅಂಗಳಕ್ಕಷ್ಟೇ ಬಂತು, ಪಾತ್ರೆ ದೇವಸ್ಥಾನದ್ದು. ಪೂರ್ತಿ ಖರ್ಚು 58,000. ದೊಡ್ಡಪ್ಪ 12,000 ಹಾಕಿದರು, ತಂಗಿಯ ಮನೆಯವರು 6,000, ನೆಂಟರು ತಂದ ಅಕ್ಕಿ ರಾಗಿ ಸುಮಾರು 10,000ದ್ದು. ರಾಜುವಿನ 30,000ದಲ್ಲಿ ಕಾರ್ಖಾನೆಯ ಸಂಬಳದ ಮುಂಗಡ 15,000 (ತಿಂಗಳಿಗೆ 2,500ರಂತೆ ಆರು ಕಂತು), ಅವನ ವಿಭಾಗದವರು ಎತ್ತಿಕೊಟ್ಟದ್ದು 8,000, ಸಂಘದಲ್ಲಿದ್ದ ಅಮ್ಮನ ಉಳಿತಾಯ 7,000. ದೊಡ್ಡಪ್ಪ ಎಲ್ಲರಿಗೂ ಬಡಿಸಿ, ತಾವು ಉಣ್ಣದೆ ಹೋದರಂತೆ. ಇದು ಸರಿಹೋಗಲು ಕಾಲ ಬೇಕು, ನನ್ನ ಸಲಹೆಗೆ ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ಐದು ರೂಪಾಯಿ ಸಾಲ ತೀರಿಸುವ ಮಾತು ಬಂದಾಗ ಅಮ್ಮ ಕತ್ತಿಗೆ ಕೈ ಹಾಕಿ ತಾಳಿ ತೋರಿಸಿದರು. "ಬುಧವಾರ ಹೆಂಗಿದ್ರೂ ತೆಗೆಯೋದೇ ಅಲ್ವಾ. ಮಾರ್ಬುಡಿ." ರಾಜು ಎದ್ದು ಹೊರಗೆ ಹೋದ. ಆ ವಾರ ಯಾವುದನ್ನೂ ಮಾರುವುದು ಬೇಡ, ಮೂರು ತಿಂಗಳಾದ ಮೇಲೂ ಹೀಗೇ ಅನ್ನಿಸಿದರೆ ಆಗ ಮಾತಾಡೋಣ ಎಂದೆ. ಸಾವಿನ ಮನೆಯಲ್ಲಿ ಒಡವೆ, ದನ, ಜಮೀನು ಮಾರುವ ತೀರ್ಮಾನಕ್ಕೆ ನಾನು ಯಾವಾಗಲೂ ಇದೇ ಮಾತು ಹೇಳುವುದು. ಕೊನೆಗೆ ಅಮ್ಮನ ಸ್ತ್ರೀಶಕ್ತಿ ಸಂಘದಿಂದ ನೂರಕ್ಕೆ ಒಂದರಂತೆ 40,000, ರಾಜುವಿನ ಹೆಂಡತಿಯ ಓಲೆ ಬ್ಯಾಂಕಿನಲ್ಲಿ ಅಡವಿಟ್ಟು 20,000. ತಿಂಗಳಿಗೆ 3,000 ಹೋಗುತ್ತಿದ್ದ ಬಡ್ಡಿ ಆರುನೂರರ ಒಳಗೆ ಬಂತು.

ನಾಲ್ಕನೇ ತಿಂಗಳು ಬಂದಿದ್ದ. ಎರಡೂ ಅರ್ಜಿ ಹಾಕಿಯಾಗಿತ್ತು, ಎರಡೂ ಪರಿಶೀಲನೆಯಲ್ಲಿದ್ದವು. ತಾಳಿ ಕುಂಕುಮದ ಡಬ್ಬಿಯಲ್ಲಿದೆ, ಅಮ್ಮ ಆ ಮಾತೆತ್ತಿಲ್ಲ ಅಂದ. ಡ್ರಾಯರಿನಿಂದ ರಾಜೀನಾಮೆ ಪತ್ರ ತೆಗೆದುಕೊಟ್ಟೆ, ಓದದೆ ಹರಿದ. ಹೊರಡುವಾಗ ಬಾಗಿಲಲ್ಲಿ ನಿಂತು, ದುಡ್ಡು ಬಂದ ಮೇಲೆ ಮಂಡಳಿಯವರು ಆ ಕಾರ್ಡನ್ನು ವಾಪಸ್ ತಗೋತಾರಾ ಎಂದು ಕೇಳಿದ. ಅರ್ಜಿಗೆ ಸ್ಕ್ಯಾನ್ ಮಾಡಿದ್ದಷ್ಟೇ ಹೋಗಿರುವುದು, ಕಾರ್ಡು ನಿಮ್ಮ ಹತ್ತಿರವೇ ಇರುತ್ತದಲ್ಲ, ಯಾಕೆ ಎಂದೆ.

"ಅಪ್ಪ ಒಬ್ಬರೇ ಇರೋ ಫೋಟೊ ಅದೊಂದೇ ಮೇಡಂ. ಅವತ್ತು ಕೆಲಸಕ್ಕೆ ರಜಾ ಹಾಕಿ, ನನ್ನ ಶರ್ಟ್ ಹಾಕ್ಕೊಂಡು ಹೋಗಿದ್ರು."

ವಾಪಸ್ ಬಂದು ಕೂತ. ಊಟದ ಬೆಲ್ ಹೊಡೆದರೂ ಏಳಲಿಲ್ಲ.