ಸ್ಕೇಲು ಬಿಟ್ಟ ಮೇಲೆ ದಾರಿ ತಪ್ಪಿದೆನಾ?

ಪ್ರಶ್ನೆ: ನನಗೆ 46 ವರ್ಷ. ಊರು ಚಿಕ್ಕಮಗಳೂರು. ಬಹಳ ವರ್ಷಗಳಿಂದ ಅಮೂರ್ತ ಚಿತ್ರ ಬರೆಯುತ್ತಿದ್ದೇನೆ. ಟೇಪ್ ಅಂಟಿಸಿ, ಸ್ಕೇಲ್ ಇಟ್ಟು ಚೌಕ, ಪಟ್ಟಿ ಮೂಡಿಸುವ ಕೆಲಸ. ಹೋಂಸ್ಟೇ, ಎಸ್ಟೇಟ್ ಬಂಗಲೆಯವರು ಕೊಳ್ಳುತ್ತಾರೆ. ಕಳೆದ ವರ್ಷದಿಂದ ಕ್ಯಾನ್ವಾಸ್ ನೆಲಕ್ಕೆ ಹಾಸಿ, ದೊಡ್ಡ ಬ್ರಶ್ ಹಿಡಿದು ತೋಳು ಬೀಸಿ ಬಳಿಯುತ್ತಿದ್ದೇನೆ. ಬಿಡಲು ಮನಸ್ಸಿಲ್ಲ. ಹೆಂಡತಿ, "ಹೀಗೆ ಯಾರು ಬೇಕಾದರೂ ಬಳಿಯಬಹುದು, ಮಗಳ ಕಾಲೇಜು ಫೀಸು ನೆನಪಿರಲಿ" ಎನ್ನುತ್ತಾಳೆ. ಹಳೇ ರೀತಿಯ ನಾಲ್ಕು ಚಿತ್ರಕ್ಕೆ ಅಡ್ವಾನ್ಸ್ ಬೇರೆ ತಗೊಂಡಿದ್ದೇನೆ. ದಾರಿ ತಪ್ಪಿದೆನಾ?

ಉತ್ತರ: ಇಲ್ಲ, ತಪ್ಪಿಲ್ಲ. ನಿಮ್ಮ ಮನೆಯವರು ಹೇಳಿದ್ದರಲ್ಲಿ ಫೀಸಿನ ಚಿಂತೆ ನಿಜ. ಯಾರು ಬೇಕಾದರೂ ಬಳಿಯಬಹುದು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಚಿತ್ರಕಾರ ಎಸ್.ಎಚ್. ರಜಾ ಅವರನ್ನು ನೋಡಿ. 1950ರಲ್ಲಿ ಪ್ಯಾರಿಸ್‌ಗೆ ಹೋದ ಹೊಸದರಲ್ಲಿ ಅವರು ಬರೆದ ಊರುಗಳ ಮನೆಗಳೆಲ್ಲ ಅಳೆದು ಕತ್ತರಿಸಿಟ್ಟ ಹಾಗಿದ್ದವು. 1962ರಲ್ಲಿ ಪಾಠ ಹೇಳಲು ಅಮೆರಿಕದ ಬರ್ಕ್ಲಿಗೆ ಹೋದರು. ಅಲ್ಲಿ ಅಮೂರ್ತ ಚಿತ್ರ ಬರೆಯುತ್ತಿದ್ದ ಮಾರ್ಕ್ ರಾಥ್ಕೊ ಮುಂತಾದವರ ಚಿತ್ರಗಳು ಅವರನ್ನು ಹಿಡಿದವು. ಆಯಿಲ್ ಬಣ್ಣ ಬಿಟ್ಟು ಬೇಗ ಒಣಗುವ ಆಕ್ರಿಲಿಕ್‌ಗೆ ಬಂದರು, ಕುಂಚ ಸಡಿಲವಾಯಿತು. ಆಗ ಅವರಿಗೂ ನಲವತ್ತು ದಾಟಿತ್ತು. ಮುಂದೆ 1980ರ ಹೊತ್ತಿಗೆ ಅದೇ ರಜಾ ಬಿಂದು, ವೃತ್ತ, ತ್ರಿಕೋನಗಳಿಗೆ ಮರಳಿದರು. ಹಾಗಾಗಿ ನೀವೂ ಸ್ಕೇಲನ್ನು ಎಸೆಯಬೇಡಿ, ಬೇಕಾದೀತು.

ಇಷ್ಟು ವರ್ಷ ಚೌಕಗಳ ನಡುವೆ ಎಷ್ಟು ಜಾಗ ಬಿಡಬೇಕೆಂದು ನೋಡಿದ ಕಣ್ಣು ನಿಮ್ಮದು. ತೋಳು ಬೀಸುವಾಗಲೂ ಅದು ಎಚ್ಚರವಾಗಿಯೇ ಇರುತ್ತದೆ. ಆದರೆ ತೋಳಿಗೂ ಚಾಳಿ ಬೀಳುತ್ತದೆ. ಅದೇ ವೇಗ, ಅದೇ ತಿರುವು, ಅದೇ ಮೂಲೆಯಲ್ಲಿ ನಿಲ್ಲುವುದು. ಸುಮ್ನೆ ಬೀಸಿದ್ದೆಲ್ಲ ಬಿಡುಗಡೆಯಲ್ಲ ಅಲ್ವಾ? ಅಗ್ಗದ ಕಾಗದದ ಮೇಲೆ ಜಾಸ್ತಿ ಬಳಿಯಿರಿ. ಒಂದೆರಡು ವಾರ ಗೋಡೆಗೆ ಮುಖ ಮಾಡಿಸಿಡಿ. ಆಮೇಲೆ ತೆಗೆದು ನೋಡಿ. ಬ್ರಶ್ ಎಡಗೈಯಲ್ಲಿ ಹಿಡಿದು, ಅದಕ್ಕೆ ಉದ್ದ ಹಿಡಿಕೆ ಕಟ್ಟಿ ನೋಡಿ. ಯಾವುದನ್ನು ಉಳಿಸುತ್ತೀರಿ, ಯಾವುದನ್ನು ಹರಿಯುತ್ತೀರಿ ಅನ್ನುವುದರಲ್ಲೇ ನಿಮ್ಮ ಕಸುಬು ಇದೆ.

ಅಡ್ವಾನ್ಸ್ ತಗೊಂಡ ನಾಲ್ಕನ್ನೂ ಕೇಳಿದ ಹಾಗೆಯೇ ಬರೆದು ಕೊಡಿ. ಅದರಲ್ಲಿ ಹೊಸದನ್ನು ಬೆರೆಸಬೇಡಿ. ಮನೆಯವರ ಜೊತೆ ಕಲೆಯ ಬಗ್ಗೆ ವಾದ ಬೇಡ, ಲೆಕ್ಕಕ್ಕೆ ಕೂರಿ. ಫೀಸಿಗೆ ವರ್ಷಕ್ಕೆ ಹಳೇ ರೀತಿಯ ಎಷ್ಟು ಚಿತ್ರ ಮಾರಬೇಕು? ಅಷ್ಟನ್ನು ಒಪ್ಪಿಕೊಳ್ಳಿ. ಉಳಿದ ಹೊತ್ತು ನಿಮ್ಮದು ಎಂದು ಮೊದಲೇ ಹೇಳಿಬಿಡಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಅರ್ಜಿ ಹಾಕಿ. ಅಲ್ಲಿ ನಿಮ್ಮ ಚೌಕಗಳ ಪರಿಚಯವಿಲ್ಲದವರೇ ಜಾಸ್ತಿ. ಹೊಸ ಚಿತ್ರಗಳನ್ನಷ್ಟೇ ಒಯ್ಯಿರಿ, ಮನೆಯವರನ್ನೂ ಕರೆದುಕೊಂಡು ಹೋಗಿ.