ಜ್ವರ ಬಿಟ್ಟ ಮೇಲೆ ಓಡಬಾರದೇ?

ಓದುಗರ ಪತ್ರ: "ನನಗೆ 47 ವರ್ಷ. ಕಾರವಾರದಲ್ಲಿ ಶಿಕ್ಷಕಿ. ಬಹಳ ವರ್ಷಗಳಿಂದ ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ಓಡುತ್ತಿದ್ದೆ. ಹೋದ ಜನವರಿಯಲ್ಲಿ ಅಡಿಕೆ ಕೊಯ್ಲಿಗೆಂದು ಸಿದ್ದಾಪುರದ ತವರಿಗೆ ಹೋದಾಗ ಮಂಗನ ಕಾಯಿಲೆ ತಗುಲಿತು. ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಸುಸ್ತು. ದಸರಾ ಕಳೆದ ಮೇಲೆ ಡಾಕ್ಟರು 'ನಿಧಾನಕ್ಕೆ ಶುರು ಮಾಡಬಹುದು' ಎಂದಿದ್ದಾರೆ. ಮನೆಯಲ್ಲಿ ಮಾತ್ರ ಯಾರೂ ಒಪ್ಪುತ್ತಿಲ್ಲ. ಬದುಕಿ ಬಂದದ್ದೇ ಹೆಚ್ಚು, ಇನ್ನು ಓಟ ಗೀಟ ಬೇಡ ಅನ್ನುತ್ತಾರೆ. ಅವರು ಹೇಳುವುದು ಸರಿಯೇ? ಮೊದಲಿನ ಹಾಗೆ 40 ನಿಮಿಷಕ್ಕೆ ಆರು ಕಿಲೋಮೀಟರ್ ಓಡಲು ನನಗೆ ಇನ್ನೆಷ್ಟು ದಿನ ಬೇಕಾದೀತು?"

ಸಂಪಾದಕರ ಉತ್ತರ:

ಮೇಡಂ, ಡಾಕ್ಟರು ಹೂಂ ಅಂದಾಯಿತಲ್ಲ, ನಾಳೆ ಬೆಳಿಗ್ಗೆಯೇ ಹೊರಡಿ. ಉತ್ತರ ಇಷ್ಟೇ. ಆದರೆ ಈ ವಿಷಯದಲ್ಲಿ ನನಗೆ ಹೊಟ್ಟೆಯೊಳಗೆ ಕೂತ ಮಾತು ಬಹಳ ಇದೆ. ನೀವು ಕೆದಕಿದ್ದೀರಿ, ಈಗ ಪೂರ್ತಿ ಕೇಳಿ.

ಮೊದಲು ನಿಮ್ಮ ಮನೆಯವರ ಪರವಾಗಿ ಒಂದು ಮಾತು. ಅವರ ಹೆದರಿಕೆ ಸುಳ್ಳಲ್ಲ. ಮಂಗನ ಕಾಯಿಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಇವತ್ತಿಗೂ ಅದಕ್ಕೆಂದೇ ಒಂದು ಔಷಧಿ ಇಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರುಕಳಿಸುತ್ತದೆ. ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಒಣಗಿದ ಎಲೆ ತರಲು ಹೋದವರು ಈ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಂಡು ಬಂದು, ವಾರದೊಳಗೆ ತಲೆ ಎತ್ತಲಾಗದೆ ಮಲಗಿದ್ದನ್ನು ಸಿದ್ದಾಪುರದವರು ಕಂಡಿದ್ದಾರೆ. ಜ್ವರ ಇರುವಾಗ ಓಡುವುದು ಶುದ್ಧ ಮೂರ್ಖತನ, ವೈರಸ್ಸು ಹೃದಯದ ಸ್ನಾಯುವಿಗೂ ತಗುಲಬಹುದು. ಕೋವಿಡ್ ಆದ ಮೇಲೆ ಕೆಲವರಿಗೆ ಒಂದು ದಿನ ಸ್ವಲ್ಪ ದಣಿದರೂ ಮರುದಿನ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಅಂಥವರಿಗೆ ಈ ಉತ್ತರ ಅಲ್ಲ. ಸರಿ, ಮನೆಯವರ ಪಾಲಿನ ನ್ಯಾಯ ಮುಗಿಯಿತು.

ಈಗ ನನ್ನ ಮಾತು. ಮಲಗಿಸಿದಷ್ಟೂ ಮನುಷ್ಯ ಚೇತರಿಸುತ್ತಾನೆ ಅಂತ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಏಳಬೇಡ, ನೀರು ನಾನೇ ತರ್ತೇನೆ, ಮೆಟ್ಟಿಲು ಹತ್ತಬೇಡ. ಎಲ್ಲ ಪ್ರೀತಿಯಿಂದಲೇ. 1966ರಲ್ಲಿ ಅಮೆರಿಕದ ಡಲ್ಲಾಸ್ ಊರಿನಲ್ಲಿ 20ರ ಆಸುಪಾಸಿನ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಯಾವ ಕಾಯಿಲೆಯೂ ಇರಲಿಲ್ಲ, ಸುಮ್ನೆ ಮಲಗಿದ್ದು. ಅಷ್ಟಕ್ಕೇ ಅವರ ಮೈ ಆಮ್ಲಜನಕ ಬಳಸಿಕೊಳ್ಳುವ ತಾಕತ್ತು ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. 30 ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷೆ ಮಾಡಿದರು. ಹೊಟ್ಟೆ ಬಂದಿತ್ತು, ತೂಕ ಏರಿತ್ತು. ಆದರೂ ಮೂರು ವಾರದ ಹಾಸಿಗೆ ಮಾಡಿದಷ್ಟು ನಷ್ಟವನ್ನು 30 ವರ್ಷದ ವಯಸ್ಸು ಮಾಡಿರಲಿಲ್ಲ! ಮೊದಲ ಸಲ ಮಲಗಿ ಎದ್ದಾಗ ಎಂಟು ವಾರ ಓಡಿಸಿ ಪಳಗಿಸಿದ್ದಕ್ಕೆ ಕಳೆದುಕೊಂಡದ್ದೆಲ್ಲ ಅವರಿಗೆ ವಾಪಸು ಸಿಕ್ಕಿತ್ತು ಎಂಬುದನ್ನೂ ಮನೆಯವರಿಗೆ ಓದಿ ಹೇಳಿ.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯರ್ಡ್ ಎಂಬ ಕೋಚ್ ಇದ್ದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲಿ ಚಿನ್ನ ಗೆದ್ದರು. ರಗ್ಬಿ ಆಡುವಾಗ ಪೆಟ್ಟು ಬಿದ್ದು ಹಾಲ್ಬರ್ಗ್ ಅವರ ಎಡಗೈ ಸೊರಗಿಹೋಗಿತ್ತು, ಅದು ಬೇರೆ ಮಾತು. ಅದೇ ಲಿಡಿಯರ್ಡ್ ಊರಿನ ನಡುವಯಸ್ಸಿನವರನ್ನು, ಹೃದಯಾಘಾತ ಆದವರನ್ನೂ ಸೇರಿಸಿಕೊಂಡು ಮೆಲ್ಲಗೆ ಓಡಿಸಲು ಶುರು ಮಾಡಿದರು. ಆಗ ಇದು ಹುಚ್ಚು ಸಾಹಸ. ಹೃದಯಾಘಾತ ಆದವರನ್ನು ವಾರಗಟ್ಟಲೆ ಅಲ್ಲಾಡದಂತೆ ಮಲಗಿಸುತ್ತಿದ್ದ ಕಾಲ ಅದು. 1952ರಲ್ಲಿ ಬಾಸ್ಟನ್ನಿನ ಇಬ್ಬರು ಡಾಕ್ಟರುಗಳು ಅಂಥ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಅಂದದ್ದೇ ದೊಡ್ಡ ಸುದ್ದಿಯಾಗಿತ್ತು. ಇವರೋ ಓಡಿಸುತ್ತಿದ್ದಾರೆ! 1962ರ ಕೊನೆಗೆ ಅಮೆರಿಕದ ಬಿಲ್ ಬೋವರ್ಮನ್ ಎಂಬ ಕೋಚ್ ಇದನ್ನು ನೋಡಲು ಹೋದರು. ಅವರು ಐವತ್ತು ದಾಟಿದವರು, ತಾನು ಗಟ್ಟಿ ಎಂದುಕೊಂಡಿದ್ದವರು. ಗುಡ್ಡ ಹತ್ತುವಾಗ ಉಸಿರು ಕಟ್ಟಿ ಹಿಂದೆ ಬಿದ್ದರು. ಅವರ ಜೊತೆಗೆ ಮಾತಾಡುತ್ತ ನಿಂತು ಕಾದವರು ಎಪ್ಪತ್ತು ದಾಟಿದ, ಹೃದಯಾಘಾತದಿಂದ ಉಳಿದು ಬಂದಿದ್ದ ಒಬ್ಬ ಅಜ್ಜ. ಬೋವರ್ಮನ್ ಅದನ್ನು ಕಲಿತು ತಮ್ಮ ದೇಶಕ್ಕೆ ಒಯ್ದರು. ಜಗತ್ತಿಗೆ ಜಾಗಿಂಗ್ ಹುಚ್ಚು ಹಿಡಿದದ್ದು ಹೀಗೆ. ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇದೇ ಬೋವರ್ಮನ್. ಅಂದರೆ ನೀವು ಮಾಡಹೊರಟಿರುವುದು ಅಡ್ನಾಡಿ ಕೆಲಸ ಅಲ್ಲ. ಕಾಯಿಲೆ ಬಿದ್ದು ಎದ್ದವರೇ ಈ ಓಟವನ್ನು ಬೀದಿಗೆ ತಂದದ್ದು.

ಇದಕ್ಕೆ ನ್ಯೂಜಿಲೆಂಡಿಗೇ ಹೋಗಬೇಕೆಂದೂ ಇಲ್ಲ. ಇಲ್ಲೇ ಕಾರವಾರದ ಹತ್ತಿರದ ಮಾಜಾಳಿಯಲ್ಲಿ ರಾಂಪಣಿ, ಅಂದರೆ ಹತ್ತಾರು ಜನ ದಂಡೆಯಲ್ಲಿ ನಿಂತು ಎಳೆಯುವ ದೊಡ್ಡ ಮೀನುಬಲೆ, ಎಳೆಯುವ ಒಬ್ಬರು ನನಗೆ ಪರಿಚಯ. ಒಂದು ಮಳೆಗಾಲ ಕಾಮಾಲೆ ಬಂದು ಸೊರಗಿಹೋದರು. ಮೀನುಗಾರಿಕೆ ಮತ್ತೆ ಶುರುವಾದಾಗ ದಂಡೆಗೆ ಬಂದರು. ಮೊದಮೊದಲು ಹಗ್ಗಕ್ಕೆ ಕೈ ಹಾಕಲೇ ಇಲ್ಲ. ಉಳಿದವರು ಎಳೆದ ಹಗ್ಗವನ್ನು ಒದ್ದೆ ಮರಳಿನ ಮೇಲೆ ಸುತ್ತಿ ಸುತ್ತಿ ಇಡುತ್ತಿದ್ದರು, ಅಷ್ಟೇ. ಆಮೇಲೆ ಸಾಲಿನ ಕಟ್ಟಕಡೆಗೆ ನಿಂತು ಸುಮ್ನೆ ಹಿಡಿದುಕೊಂಡರು. ಒಂದು ದಿನ ನೋಡುತ್ತೇನೆ, ನೀರಿನಂಚಿನಲ್ಲಿ ಮೊದಲನೆಯವರಾಗಿ, ಸೊಂಟ ಹಿಂದಕ್ಕೆ ಚೆಲ್ಲಿ, ಹಿಮ್ಮಡಿ ಮರಳಿನಲ್ಲಿ ಊರಿ ಎಳೆಯುತ್ತಿದ್ದಾರೆ. ಯಾರೂ ಅವರಿಗೆ ಚಾರ್ಟ್ ಬರೆದು ಕೊಟ್ಟಿರಲಿಲ್ಲ. ಇನ್ನೆಷ್ಟು ದಿನ ಬೇಕು ಅಂತ ಅವರೂ ಯಾರನ್ನೂ ಕೇಳಿರಲಿಲ್ಲ.

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕು. 40 ನಿಮಿಷಕ್ಕೆ ಆರು ಕಿಲೋಮೀಟರ್ ಅಂತ ಬರೆದಿದ್ದೀರಲ್ಲ, ಆ ಲೆಕ್ಕ ಯಾಕೆ? ಮಕ್ಕಳಿಗೆ ನೀವು ಪಕ್ಕದವನ ಅಂಕ ನೋಡಬೇಡ ಅಂತೀರಿ. ನೀವು ಮಾತ್ರ ಹೋದ ವರ್ಷದ ನಿಮ್ಮ ಉತ್ತರಪತ್ರಿಕೆ ಹಿಡಿದುಕೊಂಡು ಕೂತಿದ್ದೀರಿ. ಕೈಗಡಿಯಾರ ಮನೆಯಲ್ಲೇ ಬಿಡಿ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಲ್ಲ ಸೇರಿ 20 ನಿಮಿಷ. ವಾರಕ್ಕೆ ಮೂರು ದಿನ ಸಾಕು. ನಿಮಿಷಕ್ಕೂ ಗಡಿಯಾರ ಬೇಡ, ಮಗ್ಗಿ ಹೇಳಿಕೊಳ್ಳಿ, ಶಿಕ್ಷಕಿಗೆ ಅದೇನು ಕಷ್ಟ? ಓಡುವಾಗ ಪಕ್ಕದವರ ಹತ್ತಿರ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ನಡೆಯಿರಿ. ಮರುದಿನ ಬೆಳಿಗ್ಗೆ ಮೈ ಭಾರ ಅನಿಸಿದರೆ ಅರ್ಧಕ್ಕೆ ಇಳಿಸಿ. ಎದೆ ಹಿಡಿದುಕೊಂಡರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಒಣ ಮರಳಿಗೆ ಮಾತ್ರ ಈಗಲೇ ಇಳಿಯಬೇಡಿ. ಗಟ್ಟಿ ನೆಲಕ್ಕಿಂತ ಒಣ ಮರಳಿನಲ್ಲಿ ಓಡಲು ಒಂದೂವರೆ ಪಟ್ಟಿಗೂ ಜಾಸ್ತಿ ಶಕ್ತಿ ಬೇಕು. ಇಳಿತದ ಹೊತ್ತಿಗೆ ನೀರಿನಂಚಿನ ಮರಳು ಹೆಜ್ಜೆ ಹೂಳದಷ್ಟು ಗಟ್ಟಿಯಾಗಿರುತ್ತದೆ, ಅಲ್ಲಿ ಓಡಿ. ದಂಡೆ ಒಂದು ಕಡೆಗೆ ಇಳಿಜಾರು. ಹೋದ ದಾರಿಯಲ್ಲೇ ತಿರುಗಿ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಬೆಳಗಿನ ಆರಕ್ಕೆ ದಿನಾ ಗಟ್ಟಿ ಮರಳು ಸಿಗದು. ಸಿಗದ ದಿನ ವಾಕಿಂಗ್ ಪಾತಿನಲ್ಲಿ ನಡೆದರಾಯಿತು.

'ಓಟ ಗೀಟ' ಅನ್ನುವ ಮಾತಿಗೆ ಬರುತ್ತೇನೆ. ನೀವು ಗಂಡಸಾಗಿದ್ದರೆ ಆ 'ಗೀಟ' ಬರುತ್ತಿತ್ತೇ? 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದರು. ಗಂಡಸರು ಮಾಡುವ ಹಾಗೆಯೇ ಕೆಲವರು ಮುಗಿಸಿ ನೆಲಕ್ಕೊರಗಿ ದಣಿವಾರಿಸಿಕೊಂಡರು. ಪತ್ರಿಕೆಯವರು, ಅಂದರೆ ನಮ್ಮ ವೃತ್ತಿಯವರೇ, ಹೆಂಗಸರು ದಬದಬ ಬಿದ್ದರು ಅಂತ ಬರೆದರು. ಆ ಓಟ ಮತ್ತೆ ಒಲಿಂಪಿಕ್ಸಿಗೆ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ 1984ರಲ್ಲಿ! ನಮ್ಮೂರಲ್ಲಿ ಮೀನಿನ ಬುಟ್ಟಿ ಹೊತ್ತು ಬಸ್ಸು ಹಿಡಿಯಲು ಓಡುವ ಹೆಂಗಸಿಗೆ ಯಾರಾದರೂ 'ಓಡಬೇಡಮ್ಮ, ಆರೋಗ್ಯ ನೋಡಿಕೋ' ಅಂದದ್ದು ಕೇಳಿದ್ದೀರಾ? ಬುಟ್ಟಿ ಇಲ್ಲದೆ ಓಡಿದರೆ ಮಾತ್ರ ಊರಿಗೆಲ್ಲ ಕಾಳಜಿ.

ಓಡುವುದಾದರೂ ಎಲ್ಲಿ? ಸೀಬರ್ಡ್ ನೌಕಾನೆಲೆ ಬಂದ ಮೇಲೆ ಅರಗಾ ಕಡೆಯ ದಂಡೆ ನಮ್ಮ ಪಾಲಿಗಿಲ್ಲ. ಹೆದ್ದಾರಿ ಅಗಲವಾಯಿತು, ಅದರ ಪಕ್ಕ ಕಾಲಿಡಲು ಧೈರ್ಯ ಬೇಕು. ಜಿಲ್ಲೆಯ ಮಂದಿ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಗಾಡಿ ಹತ್ತುತ್ತಾರೆ. ಅಲ್ಲಿಂದ ಉಳಿದು ಬಂದವರ ಕೈಯಲ್ಲಿ ಡಿಸ್ಚಾರ್ಜ್ ಚೀಟಿ, ಮಾತ್ರೆ ಪಟ್ಟಿ, ಕೆಳಗೆ 'ರೆಸ್ಟ್' ಅಂತ ಒಂದು ಪದ. ಎಷ್ಟು ದಿನ ರೆಸ್ಟ್? ಎದ್ದ ಮೇಲೆ ಏನು ಮಾಡಬೇಕು? ಎಷ್ಟು ನಡೆಯಬೇಕು? ಹೇಳುವವರಿಲ್ಲ. ನನ್ನ ಹತ್ತಿರದವರೊಬ್ಬರಿಗೆ ಹೃದಯದ ಆಪರೇಷನ್ ಆದಾಗಲೂ ಹೀಗೇ ಆಯಿತು. ವರ್ಷ ಕಳೆದರೂ ಅವರು ಮನೆಯ ಗೇಟು ದಾಟಲಿಲ್ಲ. ಯಾರೂ ದಾಟಬೇಡಿ ಅಂದಿರಲಿಲ್ಲ. ದಾಟಿ ಅಂತಲೂ ಹೇಳಿರಲಿಲ್ಲ. ಮಂಗನ ಕಾಯಿಲೆ ಬಂದಾಗ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚುವ ಸರ್ಕಾರ, ಕಾಯಿಲೆಯಿಂದ ಎದ್ದು ಕೂತವರನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ ನಡೆಸಲು ಒಬ್ಬ ಫಿಸಿಯೋಥೆರಪಿಸ್ಟನ್ನು ತಾಲೂಕಿಗೆ ಕಳಿಸಬಾರದೇ? ಇದಕ್ಕೆ ಕೋಟಿ ಬೇಕಾಗಿಲ್ಲ. ಸ್ಕ್ಯಾನಿಂಗ್ ಯಂತ್ರಕ್ಕಾದರೆ ಉದ್ಘಾಟನೆ ಇರುತ್ತದೆ, ರಿಬ್ಬನ್ ಇರುತ್ತದೆ. ನಡೆಸುವುದಕ್ಕೆ ಏನು ರಿಬ್ಬನ್ ಕತ್ತರಿಸುತ್ತೀರಿ?

ನಿಮ್ಮ ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ 'ಹೆಸರು ಹಾಕಬೇಡಿ, ನಮ್ಮ ಅತ್ತೆ ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾರೆ' ಎಂದಿದೆ. ಹೆಸರು ಹಾಕಿಲ್ಲ. ಆದರೆ ಅತ್ತೆಯವರೇ, ಇಷ್ಟು ವಿವರ ಓದಿದ ಮೇಲೆ ನಿಮಗೆ ಗೊತ್ತಾಗದೇ ಇರುತ್ತದೆಯೇ? ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಎಂಬ ಹುಡುಗಿಗೆ ಎಳವೆಯಲ್ಲಿ ಪೋಲಿಯೊ ಆಗಿತ್ತು. 22 ಮಕ್ಕಳ ಮನೆಯಲ್ಲಿ 20ನೆಯವಳು. ಮನೆಯವರೇ ಸರದಿ ಹಾಕಿಕೊಂಡು ದಿನಾ ಅವಳ ಕಾಲು ತಿಕ್ಕಿದರು. ನಿಮಗೆ ಅಷ್ಟು ಕೆಲಸ ಇಲ್ಲ. ಬೆಳಿಗ್ಗೆ ಸೊಸೆಯ ಜೊತೆಗೆ ಹೋಗಿ, ದಂಡೆಯಲ್ಲಿ ನೋಡಲು ಇಟ್ಟಿರುವ ಚಪಲ್ ಯುದ್ಧಹಡಗಿನ ಹತ್ತಿರ ಕೂತಿರಿ. ಅವರ ಕೈಗಡಿಯಾರ ನಿಮ್ಮ ಹತ್ತಿರವೇ ಇರಲಿ, ಕೇಳಿದರೂ ಕೊಡಬೇಡಿ.